ಮನೆಯ ಹಳೆಯ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸುವುದು: ಬೆಂಗಳೂರಿನ ಹವ್ಯಾಸಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಮನೆಯ ಹಳೆಯ ಕಾರನ್ನು ತಾವೇ ಸರಿಪಡಿಸಲು ಹೊರಡುವವರಲ್ಲಿ ಅನೇಕರು ಮೊದಲ ಉತ್ಸಾಹದಲ್ಲಿಯೇ ಇಡೀ ಗಾಡಿಯನ್ನು ಬಿಚ್ಚಿಹಾಕುತ್ತಾರೆ. ಎಂಜಿನ್ನು ಲೇತಿನವರ ಹತ್ತಿರ, ಸೀಟುಗಳು ಕುಷನ್ ಅಂಗಡಿಯಲ್ಲಿ, ಬಾಗಿಲುಗಳು ತಾರಸಿಯ ಮೇಲೆ, ನಟ್ಟು ಬೋಲ್ಟುಗಳೆಲ್ಲ ಒಂದೇ ಪೇಂಟಿನ ಡಬ್ಬದಲ್ಲಿ ಸೇರಿಕೊಂಡ ಮೇಲೆ ಯಾವುದು ಎಲ್ಲಿಯದೆಂದು ನೆನಪಿಡುವುದೇ ಒಂದು ಕೆಲಸವಾಗಿ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ರಾಶಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಇಲ್ಲಿ ಸೂಚಿಸುವ ಕ್ರಮ ಇದಕ್ಕೆ ವಿರುದ್ಧವಾದದ್ದು. ಗಾಡಿ ಆದಷ್ಟು ಕಾಲ ಗಾಡಿಯಾಗಿಯೇ ನಿಂತಿರಬೇಕು. ಒಮ್ಮೆಗೆ ಒಂದು ವ್ಯವಸ್ಥೆಯನ್ನು ಮಾತ್ರ ಬಿಚ್ಚಿ, ಸರಿಪಡಿಸಿ, ಮರಳಿ ಜೋಡಿಸಿ, ಪರೀಕ್ಷಿಸಿದ ಮೇಲಷ್ಟೇ ಮುಂದಿನದಕ್ಕೆ ಕೈಹಾಕಬೇಕು. ಬ್ರೇಕು ಮೊದಲು, ಬಾಡಿಯ ಗಟ್ಟಿತನ ಆಮೇಲೆ, ಎಂಜಿನ್ನಿನ ಓಟ ಅದರ ನಂತರ, ಬಣ್ಣ ಮತ್ತು ಹೊಳಪು ಕೊನೆಯಲ್ಲಿ.

ಉದಾಹರಣೆಗೆ ಪ್ರೀಮಿಯರ್ ಪದ್ಮಿನಿಯನ್ನು ಆರಿಸಿಕೊಂಡಿದ್ದೇನೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಬಂದು, 1970ರ ದಶಕದಲ್ಲಿ ಪ್ರೆಸಿಡೆಂಟ್ ಎಂದೂ ಆಮೇಲೆ ಪದ್ಮಿನಿ ಎಂದೂ ಕರೆಸಿಕೊಂಡ ಈ ಕಾರು ಹವ್ಯಾಸಿಗೆ ಹಲವು ರೀತಿಯಲ್ಲಿ ಅನುಕೂಲಕರವಾಗಿದೆ. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು ಸರಳವಾದದ್ದು. ಬಾನೆಟ್ ಎತ್ತಿದರೆ ಕೈ ಆಡಿಸಲು ಸಾಕಷ್ಟು ಜಾಗವಿದೆ. ಇಟಲಿಯ ವಿನ್ಯಾಸವಾದ್ದರಿಂದ ನಟ್ಟು ಬೋಲ್ಟುಗಳು ಮೆಟ್ರಿಕ್ ಅಳತೆಯವು, ಹೀಗಾಗಿ ಅಂಬಾಸಿಡರ್ ಇಟ್ಟುಕೊಂಡವರಂತೆ ಇಂಚಿನ ಸ್ಪ್ಯಾನರುಗಳನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಬಿಡಿಭಾಗಗಳ ಮಾತು ಮಾತ್ರ ಮೊದಲಿನಂತಿಲ್ಲ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಪದ್ಮಿನಿಯ ಭಾಗಗಳಿಗೆ ದೊಡ್ಡ ಮಾರುಕಟ್ಟೆಯಿತ್ತು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಆದ್ದರಿಂದ ಗಾಜು, ಗ್ರಿಲ್, ದೀಪದ ರಿಮ್ಮುಗಳಂಥ, ಮತ್ತೆ ತಯಾರಾಗದ ವಸ್ತುಗಳು ಸಿಕ್ಕಾಗಲೇ ಕೊಂಡಿಡುವುದು ಲೇಸು.

ಮೊದಲು ಕಾಗದಪತ್ರ

ಸ್ಪ್ಯಾನರ್ ಹಿಡಿಯುವುದಕ್ಕೂ ಮುನ್ನ ಆರ್.ಸಿ. ಪುಸ್ತಕವನ್ನು ಹುಡುಕಿ ತೆಗೆಯಿರಿ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಗಳಿಗೊಮ್ಮೆ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಗಾಡಿಯನ್ನು ಆರ್.ಟಿ.ಒ. ತಪಾಸಣೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕು. 20 ವರ್ಷ ದಾಟಿದ ಕಾರುಗಳಿಗೆ ಈ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಇದೆ. ಅರ್ಜಿ ಕೊಡುವ ದಿನ ಜಾಲತಾಣದಲ್ಲಿ ಆಗಿನ ದರವನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮನೆಯ ಕಾರೆಂದ ಮೇಲೆ ಆರ್.ಸಿ. ಬಹಳ ಸಲ ತೀರಿಕೊಂಡ ತಾತನ ಅಥವಾ ತಂದೆಯ ಹೆಸರಿನಲ್ಲಿರುತ್ತದೆ. ಆಗ ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೊತೆಯಲ್ಲಿರಬೇಕಾಗುತ್ತದೆ. ಗುಜರಿ ಬೆಲೆಯೂ ಬಾರದೆಂದು ಎಲ್ಲರೂ ಮರೆತಿದ್ದ ಗಾಡಿಗೆ ಬಣ್ಣ ಬಿದ್ದು ಹೊಳೆಯತೊಡಗಿದ ಮೇಲೆ ದೊಡ್ಡಪ್ಪ ಚಿಕ್ಕಪ್ಪಂದಿರ ಸಹಿ ಕೇಳುವುದಕ್ಕಿಂತ, ಅದು ತುಕ್ಕು ಹಿಡಿದು ನಿಂತಿರುವಾಗಲೇ ಕೇಳಿ ಮುಗಿಸುವುದು ಸುಲಭ. ಕೆ.ಎ. ಸಂಖ್ಯೆಗಳು ಬರುವ ಮೊದಲಿನ, ಎಂ.ವೈ. ಅಥವಾ ಸಿ.ಎ. ಎಂದು ಆರಂಭವಾಗುವ ನೋಂದಣಿಗಳ ವಿವರ ಸರ್ಕಾರದ ‘ವಾಹನ್’ ಗಣಕದಲ್ಲಿ ಇಲ್ಲದಿರುವುದುಂಟು. ಹಾಗಿದ್ದರೆ ಮೂಲ ನೋಂದಣಿಯ ಕಚೇರಿಯಲ್ಲಿ ಹಳೆಯ ರಿಜಿಸ್ಟರ್ ನೋಡಿ ‘ಬ್ಯಾಕ್‌ಲಾಗ್ ಎಂಟ್ರಿ’ (ಹಳೆಯ ವಿವರವನ್ನು ಗಣಕಕ್ಕೆ ಸೇರಿಸುವುದು) ಮಾಡಿಸದೆ ಮುಂದಿನ ಯಾವ ಅರ್ಜಿಯೂ ಸಾಗುವುದಿಲ್ಲ. ಇದಕ್ಕೆ ಸಮಯ ಹಿಡಿಯುವುದರಿಂದ ಗಾಡಿಯ ಕೆಲಸ ನಡೆದಿರುವಾಗಲೇ ಇದೂ ಸಮಾನಾಂತರವಾಗಿ ನಡೆಯಲಿ.

ಐವತ್ತು ವರ್ಷ ತುಂಬಿದ ಗಾಡಿಗಳಿಗೆ 2021ರ ಕೇಂದ್ರ ನಿಯಮಗಳ ಪ್ರಕಾರ ‘ವಿಂಟೇಜ್’ ನೋಂದಣಿಯ ಅವಕಾಶವೂ ಇದೆ. 20,000 ರೂಪಾಯಿ ಶುಲ್ಕಕ್ಕೆ ‘ವಿ.ಎ.’ ಅಕ್ಷರಗಳುಳ್ಳ ಸಂಖ್ಯೆ ಹತ್ತು ವರ್ಷಗಳ ಅವಧಿಗೆ ಸಿಗುತ್ತದೆ. ಕೇಳಲು ಗೌರವದ ವಿಷಯವೇ ಸರಿ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥ ಉದ್ದೇಶಗಳಿಗಷ್ಟೇ ರಸ್ತೆಗೆ ತರಬಹುದು, ದಿನಬಳಕೆಗೆ ಓಡಿಸುವಂತಿಲ್ಲ. ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬಸವನಗುಡಿಗೆ ದೋಸೆ ತಿನ್ನಲು ಹೋಗಬೇಕೆಂಬ ಆಸೆಯಿದ್ದವರಿಗೆ ಸಾಮಾನ್ಯ ನವೀಕರಣವೇ ಸೂಕ್ತವೆಂದು ನನ್ನ ಅಭಿಪ್ರಾಯ.

ಚಾಸಿಸ್ ಸಂಖ್ಯೆಯ ಬಗ್ಗೆ ಈಗಲೇ ಒಂದು ಎಚ್ಚರಿಕೆ. ತಪಾಸಣೆಯ ವೇಳೆ ಆ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಟಿಂಕರಿಂಗ್ (ತಗಡಿನ ಕೆಲಸ) ಮತ್ತು ಪೇಂಟಿಂಗ್ ಮಾಡುವವರ ಗಮನಕ್ಕೆ ಇದು ಬಾರದಿದ್ದರೆ ಸಂಖ್ಯೆಯ ಮೇಲೆ ಪುಟ್ಟಿ ಮೆತ್ತಿಕೊಂಡು, ಅಥವಾ ಗ್ರೈಂಡರ್ ತಾಗಿ ಅಂಕಿಗಳು ಸವೆದು, ಮುಂದೆ ದೊಡ್ಡ ತಲೆನೋವಾಗುತ್ತದೆ. ಕೆಲಸ ಶುರುವಾಗುವ ಮುನ್ನ ನೀವೇ ಒಂದು ಅಚ್ಚು ತೆಗೆದು, ಆರ್.ಸಿ.ಯೊಂದಿಗೆ ತಾಳೆ ನೋಡಿ, ಆ ಜಾಗಕ್ಕೆ ಗ್ರೀಸ್ ಸವರಿ ಟೇಪು ಅಂಟಿಸಿಡಿ.

ಜಾಗ ಮತ್ತು ಸಲಕರಣೆ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ವೆಲ್ಡಿಂಗ್, ಪೆಟ್ರೋಲ್ ಟ್ಯಾಂಕಿನ ಕೆಲಸ ಮಾಡುವಂತಿಲ್ಲ. ಸಂಘದವರು ಒಪ್ಪಿದರೂ ಮಾಡಬಾರದು. ಸ್ವಂತ ಮನೆಯ ಕಾರ್ ಶೆಡ್ ಅಥವಾ ಊರಾಚೆ ಪರಿಚಯದವರ ಸೈಟಿನಲ್ಲಿ ಶೀಟ್ ಹೊದಿಸಿದ ಚಪ್ಪರವಾದರೂ ಸಾಕು, ನೆಲ ಮಾತ್ರ ಸಮತಟ್ಟಾದ ಕಾಂಕ್ರೀಟಿನದಾಗಿರಬೇಕು. ಗಾಡಿ ಎತ್ತಿದ ಮೇಲೆ ಅದರ ಭಾರ ಜಾಕಿ ಸ್ಟ್ಯಾಂಡುಗಳ ಮೇಲೆ ಕೂರಬೇಕೇ ಹೊರತು ಜಾಕಿಯ ಮೇಲಲ್ಲ. ಇಟ್ಟಿಗೆ, ಹಾಲೋ ಬ್ಲಾಕುಗಳ ಮೇಲಂತೂ ಖಂಡಿತ ಅಲ್ಲ. ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ.

ರಿಂಗ್ ಮತ್ತು ಓಪನ್ ಸ್ಪ್ಯಾನರ್ ಸೆಟ್ಟು, ಸಾಕೆಟ್ ಸೆಟ್ಟು, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು), ಮಲ್ಟಿಮೀಟರ್, ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು), ಗ್ರೀಸ್ ಗನ್ನು ಮತ್ತು ಒಂದು ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರ್) ಇದ್ದರೆ ಬಹುಪಾಲು ಕೆಲಸ ಸಾಗುತ್ತದೆ. ಹಳೆಯ ಗಟ್ಟಿ ಸ್ಪ್ಯಾನರುಗಳು ಸಿಟಿ ಮಾರ್ಕೆಟ್ ಬಳಿಯ ಸಂಡೇ ಬಜಾರಿನಲ್ಲಿ ಸಿಗುತ್ತವೆ. ಟಾರ್ಕ್ ರೆಂಚನ್ನು ಮಾತ್ರ ಹೊಸದಾಗಿಯೇ ಕೊಳ್ಳಿ. ಹೊಸ ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ಲೇತ್ ಕೆಲಸಕ್ಕೆ ಕಲಾಸಿಪಾಳ್ಯ, ಹಳೆಯ ಗಾಡಿಯಿಂದ ಬಿಚ್ಚಿದ ಭಾಗಗಳಿಗೆ ಶಿವಾಜಿನಗರದ ಗುಜರಿ, ವೈರು ರಿಲೇಗಳಿಗೆ ಎಸ್.ಪಿ. ರಸ್ತೆ. ಎಲ್ಲಿಗೆ ಹೋದರೂ ಹಳೆಯ ಭಾಗ ಕೈಯಲ್ಲಿರಲಿ. ಪದ್ಮಿನಿಯಲ್ಲಿ ಕಾಲಕಾಲಕ್ಕೆ ಸಣ್ಣಪುಟ್ಟ ಬದಲಾವಣೆಗಳಾಗಿರುವುದರಿಂದ ಬಾಯಿಮಾತಿನ ವಿವರಣೆ ನಂಬಿ ತಂದ ವಸ್ತು ಕೂರದೆ ಹೋಗುವ ಸಂಭವವೇ ಹೆಚ್ಚು.

ಗಾಡಿಯ ನಿಜಸ್ಥಿತಿ ತಿಳಿಯುವುದು

ಪದ್ಮಿನಿಗೆ ಬೇರೆ ಚಾಸಿಸ್ ಚೌಕಟ್ಟಿಲ್ಲ. ತಗಡಿನ ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ತುಕ್ಕು ಎಲ್ಲಿದೆ ಎಂಬುದೇ ಇಡೀ ಯೋಜನೆಯ ಹಣೆಬರಹವನ್ನು ತೀರ್ಮಾನಿಸುತ್ತದೆ. ಬಾನೆಟ್ಟಿನ ಮೇಲಿನ ತುಕ್ಕು ಕಣ್ಣಿಗೆ ಕಾಣುವಂಥದ್ದು, ಅದಕ್ಕೆ ಹೆದರಬೇಕಿಲ್ಲ. ಒಳಗಿನ ರಬ್ಬರ್ ಮ್ಯಾಟನ್ನು ಪೂರ್ತಿ ಎತ್ತಿ, ಫ್ಲೋರಿನ ಮೂಲೆಗಳನ್ನು ಹಳೆಯ ಸ್ಕ್ರೂಡ್ರೈವರಿನ ತುದಿಯಿಂದ ಒತ್ತುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಕೊಳೆತ ತಗಡು ಸದ್ದಿಲ್ಲದೆ ಬಗ್ಗುತ್ತದೆ, ಇನ್ನೂ ಸ್ವಲ್ಪ ಒತ್ತಿದರೆ ಕಂದು ಪದರಗಳು ಹಪ್ಪಳದಂತೆ ಮುರಿದು ಕೆಳಗಿನ ನೆಲ ಕಾಣುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಸಿಲ್, ಜಾಕಿ ಕೊಡುವ ಜಾಗ, ಹಿಂದಿನ ಪಟ್ಟೆ ಸ್ಪ್ರಿಂಗುಗಳ ಕೊಂಡಿ ಕೂರುವ ಭಾಗ, ಬ್ಯಾಟರಿ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಅಡಿ, ಮುಂದಿನ ಮಡ್‌ಗಾರ್ಡಿನ ಒಳಮೈ ಇವಿಷ್ಟನ್ನೂ ಹೀಗೆಯೇ ನೋಡಬೇಕು. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಸರಿಸುತ್ತಾ ಹೋದರೆ, ಅದು ಹಿಡಿತ ಬಿಟ್ಟ ಕಡೆಯೆಲ್ಲ ತಗಡಿನ ಬದಲು ಪುಟ್ಟಿ ಇದೆಯೆಂದು ತಿಳಿಯಬಹುದು. ಸ್ಪ್ರಿಂಗು ಕೂರುವ ಜಾಗ ಮತ್ತು ಎರಡೂ ಸಿಲ್‌ಗಳು ಒಟ್ಟಿಗೆ ಹೋಗಿದ್ದರೆ ಮೊದಲ ಬಾರಿಗೆ ಕೈಹಾಕುವವರು ಆ ಗಾಡಿಯನ್ನು ಬಿಟ್ಟು, ಎಂಜಿನ್ ಕೆಟ್ಟಿದ್ದರೂ ಬಾಡಿ ಗಟ್ಟಿಯಿರುವ ಇನ್ನೊಂದನ್ನು ಹುಡುಕುವುದು ಮೇಲು. ಎಂಜಿನ್ನಿಗೆ ಲೇತಿದೆ, ಕರಗಿಹೋದ ಬಾಡಿಗೆ ಅಂಥ ಸುಲಭ ಪರಿಹಾರವಿಲ್ಲ.

ಎಂಜಿನ್ನು ವರ್ಷಗಟ್ಟಲೆ ನಿಂತಿದ್ದರೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವ ಆತುರ ಬೇಡ. ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ರಂಧ್ರಕ್ಕೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದೆರಡು ದಿನ ಹಾಗೆಯೇ ಬಿಡಿ. ಆಮೇಲೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸರಾಗವಾಗಿ ಸುತ್ತು ಹಾಕಿದರೆ ಹಳೆಯ ಆಯಿಲ್ ಇಳಿಸಿ, ಹೊಸದನ್ನೂ ಹೊಸ ಫಿಲ್ಟರನ್ನೂ ಹಾಕಿ, ಪ್ಲಗ್ಗಿಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಎಲ್ಲ ಕಡೆಗೂ ಏರುವಂತೆ ಮಾಡಿದ ನಂತರ ಕಂಪ್ರೆಷನ್ ನೋಡಬಹುದು. ಇಲ್ಲೊಂದು ಊರಿನ ಲೆಕ್ಕವಿದೆ: ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆ, ಹೀಗಾಗಿ ಗೇಜಿನ ಅಂಕಿ ಕೈಪಿಡಿಯಲ್ಲಿರುವುದಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ ಬರುವುದು ಸಹಜ. ಒಟ್ಟು ಅಂಕಿಗಿಂತ ನಾಲ್ಕೂ ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಮುಖ್ಯ. ಒಂದು ಸಿಲಿಂಡರ್ ತೀರ ಕೆಳಗಿದ್ದರೆ ಅದಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು.

ಬ್ರೇಕು

ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕಿರುವ ಕಾರಿದು. ಹಳೆಯ ಮಾದರಿಗಳಲ್ಲಿ ಎಲ್ಲ ಚಕ್ರಗಳಿಗೂ ಒಂದೇ ಆಯಿಲ್ ದಾರಿ. ಎಲ್ಲಿಯಾದರೂ ಒಂದು ಕಡೆ ಹೋಸ್ ಒಡೆದರೆ ಪೆಡಲ್ಲು ನೇರವಾಗಿ ನೆಲ ಮುಟ್ಟುತ್ತದೆ. ಆದ್ದರಿಂದ ‘ಸದ್ಯಕ್ಕೆ ಹಿಡಿಯುತ್ತಿದೆಯಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು. ರಬ್ಬರ್ ಹೋಸುಗಳೆಲ್ಲ ಹೊಸದಾಗಿರಬೇಕು, ತುಕ್ಕು ತಿಂದ ಲೋಹದ ಪೈಪುಗಳೂ ಬದಲಾಗಬೇಕು.

ಒಮ್ಮೆಗೆ ಒಂದೇ ಚಕ್ರ ಬಿಚ್ಚಿ, ಇನ್ನೊಂದು ಬದಿಯದನ್ನು ಮಾದರಿಗೆಂದು ಹಾಗೆಯೇ ಬಿಡಿ. ಯಾವ ಸ್ಪ್ರಿಂಗು ಯಾವ ತೂತಿಗೆ ಎಂಬ ಗೊಂದಲವಾದಾಗ ಅತ್ತ ಹೋಗಿ ನೋಡಿದರಾಯಿತು. ಡ್ರಮ್ ತೆಗೆದಾಗ ಕಾಣುವ ಕಪ್ಪು ಧೂಳನ್ನು ಊದುವುದಾಗಲಿ ಕಂಪ್ರೆಸರಿನಿಂದ ಹಾರಿಸುವುದಾಗಲಿ ಕೂಡದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಮಾಸ್ಕ್ ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಬ್ರೇಕ್ ಶೂಗಳನ್ನು ತಳ್ಳುವ ವ್ಹೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಉಗುರಿನಿಂದ ಎತ್ತಿ ನೋಡಿದಾಗ ಒಳಗೆ ತೇವವಿದ್ದರೆ ಸೋರಿಕೆ ಶುರುವಾಗಿದೆಯೆಂದೇ ಅರ್ಥ. ಪಿಸ್ಟನ್ ಹೊರದಬ್ಬಿ, ಸಿಲಿಂಡರಿನ ಒಳಗೋಡೆಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಕಲೆಯಷ್ಟೇ ಇದ್ದರೆ ನಯವಾದ ಹೋನಿಂಗ್ (ಒಳಗೋಡೆಯನ್ನು ಉಜ್ಜಿ ನಯಗೊಳಿಸುವುದು) ಸಾಕು. ಉಗುರಿಗೆ ಸಿಗುವಂಥ ಗುಳಿಗಳಿದ್ದರೆ ಹೊಸ ಸಿಲಿಂಡರ್ ಹಾಕಬೇಕು ಅಥವಾ ಲೇತಿನಲ್ಲಿ ಸ್ಲೀವ್ (ಒಳಕೊಳವೆ) ಕೂರಿಸಬೇಕು. ಗುಳಿಬಿದ್ದ ಗೋಡೆಗೆ ಹೊಸ ರಬ್ಬರ್ ಕಿಟ್ ಹಾಕಿದರೆ ಆ ಕಿಟ್ಟು ಬೇಗನೆ ಹರಿಯುತ್ತದೆ.

ರಬ್ಬರುಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಅದರಿಂದ ಅವು ಊದಿಕೊಂಡು ಹಾಳಾಗುತ್ತವೆ. ಬ್ರೇಕ್ ಆಯಿಲಿನಲ್ಲಿಯೇ ಅದ್ದಿ ಜೋಡಿಸಬೇಕು. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅರ್ಧ ಉಳಿದ ಹಳೆಯ ಡಬ್ಬ ಬಳಸಬೇಡಿ. ಬಣ್ಣದ ಮೇಲೆ ಬಿದ್ದರೆ ಬಣ್ಣವೂ ಏಳುತ್ತದೆ. ಬ್ರೇಕ್ ಪೈಪುಗಳೊಳಗೆ ಸೇರಿದ ಗಾಳಿ ತೆಗೆಯುವಾಗ, ಪೆಡಲ್ಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ, ಅಂದರೆ ಎಡ ಹಿಂಬದಿಯಿಂದ, ಆರಂಭಿಸಿ ಹತ್ತಿರಕ್ಕೆ ಬರಬೇಕು. ಪೆಡಲ್ ಮೇಲೆ ಕೂತವರು ಒತ್ತಿ ಹಿಡಿದಿರುವಾಗಲೇ ಕೆಳಗಿನವರು ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಮುಚ್ಚಬೇಕು. ಮುಚ್ಚುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಸೇರುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲ್ಲನ್ನೂ ಇದೇ ಸುತ್ತಿನಲ್ಲಿ ಮುಗಿಸಿ. ಮುಂದಿನ ಕಿಂಗ್‌ಪಿನ್ನುಗಳಿಗೆ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟಗಳಿಗೆ) ಹೊಸ ಗ್ರೀಸ್ ಹಳೆಯದನ್ನು ಹೊರದಬ್ಬುವವರೆಗೆ ಹೊಡೆಯಿರಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟವಿದ್ದರೆ ಬುಷ್ ಬದಲಿಸಬೇಕು. ಟಯರಿನ ಪಟ್ಟಿ ಎಷ್ಟೇ ಆಳವಾಗಿ ಉಳಿದಿದ್ದರೂ ಬದಿಯಲ್ಲಿ ಬಿರುಕಿದ್ದರೆ ಅದು ಗುಜರಿಗೆ.

ಬಾಡಿ ಕೆಲಸ

ವೆಲ್ಡಿಂಗನ್ನು ನೀವೇ ಕಲಿತು ಮಾಡುತ್ತೀರೋ ಟಿಂಕರಿಂಗ್ ಮೇಸ್ತ್ರಿಗೆ ಒಪ್ಪಿಸುತ್ತೀರೋ ಅದು ನಿಮಗೆ ಬಿಟ್ಟದ್ದು. ಒಪ್ಪಿಸಿದರೂ ಪಕ್ಕದಲ್ಲಿ ನಿಂತು ನೋಡಬೇಕು. ‘ಇಷ್ಟಕ್ಕೆಲ್ಲಾ ಯಾಕ್ ಸಾರ್ ಕಟ್ ಮಾಡೋದು, ಮೇಲೊಂದು ಶೀಟ್ ಹೊಡೆದು ಪುಟ್ಟಿ ಹಾಕಿದ್ರೆ ಗೊತ್ತೇ ಆಗಲ್ಲ’ ಎಂಬ ಮಾತು ಬಂದೇ ಬರುತ್ತದೆ. ನಿಜ, ಎರಡು ವರ್ಷ ಗೊತ್ತಾಗುವುದಿಲ್ಲ. ಹಳೆಯ ತುಕ್ಕಿನ ಮೇಲೆ ಹೊದಿಸಿದ ಹೊಸ ತಗಡಿನ ಸಂದಿಯಲ್ಲಿ ತೇವ ಸಿಕ್ಕಿಕೊಂಡು, ಒಂದರ ಬದಲು ಎರಡೂ ತಿಂದುಹೋಗುತ್ತವೆ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆದು, ಅದೇ ಆಕಾರದ ತುಂಡನ್ನು ಅಂಚಿಗೆ ಅಂಚು ಸೇರಿಸಿ ಬೆಸೆಯುವುದೊಂದೇ ಸರಿಯಾದ ದಾರಿ. ಹೊರಮೈ ಭಾಗಗಳಿಗೆ 20 ಗೇಜಿನ, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿ.ಆರ್. (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟ್ ಸಾಕು; ಭಾರ ಹೊರುವ ಕಡೆ 18 ಗೇಜ್ ಇರಲಿ.

ಸಿಲ್ ಕತ್ತರಿಸುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದ ಹಂತ. ಅದು ಹೋದ ಕ್ಷಣ ಬಾಡಿಯ ನಡುಭಾಗ ಜೋತುಬೀಳಲು ಹವಣಿಸುತ್ತದೆ. ಆ ಸ್ಥಿತಿಯಲ್ಲಿ ಬೆಸೆದುಬಿಟ್ಟರೆ ಬಾಗಿಲುಗಳು ಮುಂದೆಂದೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಅಳೆದು ಗೋಡೆಯ ಮೇಲೆಯೇ ಬರೆದಿಡಿ. ಚೌಕಟ್ಟಿನೊಳಗೆ ಕಬ್ಬಿಣದ ಚೌಕ ಪೈಪನ್ನು ಅಡ್ಡಕ್ಕೆ ತಾತ್ಕಾಲಿಕವಾಗಿ ಬೆಸೆಯಿರಿ. ಗಾಡಿಯ ಭಾರ ಅದರ ಆಕ್ಸಲ್ಲುಗಳ ಮೇಲೆ, ಚಕ್ರದ ಮೇಲೆ ನಿಂತಾಗ ಇರುವ ಹಾಗೆಯೇ ಇರಲಿ. ಒಂದು ಬದಿ ಪೂರ್ತಿ ಮುಗಿದು ಅಳತೆ ತಾಳೆಯಾದ ಮೇಲಷ್ಟೇ ಇನ್ನೊಂದು ಬದಿ. ಉದ್ದಕ್ಕೂ ಒಂದೇ ಸಮನೆ ಬೆಸೆಯದೆ, ಇಲ್ಲೊಂದು ಅಲ್ಲೊಂದು ಚುಕ್ಕೆ ಹಾಕುತ್ತಾ, ನಡುವೆ ಆರಲು ಬಿಡುತ್ತಾ ಹೋಗದಿದ್ದರೆ ತೆಳು ತಗಡು ಕಾವಿಗೆ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಪೆಟ್ರೋಲ್ ಟ್ಯಾಂಕ್ ಈ ಹೊತ್ತಿಗೆ ಗಾಡಿಯಿಂದ ಹೊರಗೆ ದೂರದಲ್ಲಿರಬೇಕು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಏಕೆಂದರೆ ಅದರೊಳಗೆ ತುಂಬಿರುವುದು ಆವಿ. ತೂತಾದ ಟ್ಯಾಂಕನ್ನು ಮನೆಯಲ್ಲಿ ಬೆಸೆಯುವ ಯೋಚನೆಯನ್ನೇ ಮಾಡಬೇಡಿ.

ಬೆಸುಗೆಯಾದ ಭಾಗಗಳಿಗೆ ಅದೇ ದಿನ ಪ್ರೈಮರ್ ಬಳಿಯಬೇಕು. ಬೆತ್ತಲೆ ತಗಡು ಒಂದು ರಾತ್ರಿಯ ಇಬ್ಬನಿಗೇ ಕೆಂಪಾಗುತ್ತದೆ. ಕತ್ತರಿಸುವಷ್ಟು ಕೆಡದ, ಮೇಲ್ಮೈ ತುಕ್ಕಿರುವ ಕಡೆ ತಂತಿ ಬ್ರಷ್ಷಿನಿಂದ ಉಜ್ಜಿ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ. ಕೀಲುಗಳಿಗೆ ಸೀಲಂಟ್, ಒಳಗಿನ ಟೊಳ್ಳುಗಳಿಗೆ ಮೇಣದ ಲೇಪನ. ಕೊನೆಯಲ್ಲಿ ಬಾಗಿಲಿನ ಮತ್ತು ಸಿಲ್‌ನ ಕೆಳಗಿರುವ ನೀರಿಳಿಯುವ ಸಣ್ಣ ರಂಧ್ರಗಳನ್ನು ತಂತಿ ಹಾಕಿ ತೆರವುಗೊಳಿಸಿ. ಅವು ಕಟ್ಟಿಕೊಂಡದ್ದರಿಂದಲೇ ಮೊದಲ ಬಾರಿ ಕೊಳೆತದ್ದು.

ಎಂಜಿನ್, ನೀರು, ಪೆಟ್ರೋಲು, ವೈರಿಂಗ್

ಕಂಪ್ರೆಷನ್ ಸರಿಯಿದ್ದರೆ ಎಂಜಿನ್ನನ್ನು ಸುಮ್ಮನೆ ಬಿಚ್ಚಬೇಡಿ. ಈ ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಎರಡು ಲೋಹಗಳ ನಡುವೆ ಹರಿಯುವ ನೀರಿನ ಗುಣ ಬಹಳ ಮುಖ್ಯ. ಬೆಂಗಳೂರಿನ ಬೋರ್‌ವೆಲ್ ನೀರು ಗಡುಸು. ಬಕೆಟ್ಟಿನ ತಳದಲ್ಲಿ ಕೂರುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕೂರುತ್ತದೆ. ರೇಡಿಯೇಟರನ್ನು ಬಿಚ್ಚಿ ತೊಳೆಸಿ, ಹೋಸುಗಳನ್ನೂ ಥರ್ಮೋಸ್ಟಾಟನ್ನೂ ಬದಲಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿದ ಕೂಲಂಟನ್ನಷ್ಟೇ ತುಂಬಿಸಿ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಂತಾಗ ಬಾನೆಟ್ಟಿನಿಂದ ಹಬೆ ಏಳುವುದು ಬಹುಪಾಲು ಈ ಕೆಲಸ ಅರ್ಧಕ್ಕೆ ಬಿಟ್ಟವರ ಗಾಡಿಗಳಲ್ಲಿಯೇ. ಹೆಡ್ಡು ಬಿಚ್ಚಲೇಬೇಕಾದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಬಿಚ್ಚಿ, ಅದರ ತಳಮೈ ಸಮವಾಗಿದೆಯೇ ಎಂದು ನೇರ ಪಟ್ಟಿ ಮತ್ತು ಫೀಲರ್ ಗೇಜಿನಿಂದ ನೋಡಿ, ಮತ್ತೆ ಹಾಕುವಾಗ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತುಗಳಲ್ಲಿ, ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಆ ಕಾಲದ ರಬ್ಬರ್ ಇದಕ್ಕೆಂದು ತಯಾರಾದದ್ದಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಮೆದುವಾಗಿ ಸೀಳುತ್ತವೆ. ಎಥನಾಲ್ ತಡೆಯುವ ಪೈಪುಗಳನ್ನೇ ಕೇಳಿ ಹಾಕಿಸಿ, ಕಾರ್ಬ್ಯುರೇಟರಿಗೆ ಮುಂಚೆ ಪಾರದರ್ಶಕ ಫಿಲ್ಟರೊಂದನ್ನು ಸೇರಿಸಿ. ಎಥನಾಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಹಳೆಯ ಪೆಟ್ರೋಲು ಬಿಡಬಾರದು. ಇಗ್ನಿಷನ್ನಿನ ಕೆಲಸ ಸರಳ: ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಅಂತರ ಸುಮಾರು 0.45 ಮಿ.ಮೀ., ಪ್ಲಗ್ಗಿನದು 0.6 ಮಿ.ಮೀ., ಕಿಡಿ ಬೀಳುವ ಕ್ರಮ 1-3-4-2. ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಒಂದನ್ನು ಹೆಚ್ಚುವರಿಯಾಗಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.

ವೈರಿಂಗಿನಲ್ಲಿ ಅರ್ಧದಷ್ಟು ತೊಂದರೆಗಳು ಅರ್ತ್ ಸರಿಯಿಲ್ಲದ್ದರಿಂದ ಬರುತ್ತವೆ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಪಟ್ಟಿಗಳ ತುದಿಗಳನ್ನು ತಗಡು ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ. ಹೊದಿಕೆ ಒಡೆದ ವೈರುಗಳನ್ನು ಟೇಪು ಸುತ್ತಿ ಉಳಿಸಬಾರದು. ಹೆಡ್‌ಲೈಟಿಗೆ ರಿಲೇ ಹಾಕಿಸಿದರೆ ಹಳೆಯ ಸ್ವಿಚ್ಚು ಉಳಿಯುತ್ತದೆ, ಬೆಳಕೂ ಹೆಚ್ಚುತ್ತದೆ.

ಬಣ್ಣ ಮತ್ತು ಒಳಾಂಗಣ

ಬಣ್ಣಕ್ಕೆ ಬೆಂಗಳೂರಿನಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ಹವೆ ಸೂಕ್ತ. ಹಳೆಯ ಪದರಗಳಲ್ಲಿ ಸೀಸವಿರಬಹುದಾದ್ದರಿಂದ ನೀರು ಹಾಕಿಯೇ ಉಜ್ಜಬೇಕು. ಹಾರ್ಡ್ನರ್ ಬೆರೆಸಿ ಹೊಡೆಯುವ ಪಿ.ಯು. (ಪಾಲಿಯುರೆಥೇನ್) ಪೇಂಟಿನ ಮಂಜಿನಲ್ಲಿ ಉಸಿರಾಟಕ್ಕೆ ಹಾನಿಕರವಾದ ಐಸೊಸಯನೇಟುಗಳಿರುತ್ತವೆ. ಮಾಮೂಲಿ ಮಾಸ್ಕಿಗೆ ಅವು ನಿಲ್ಲುವುದಿಲ್ಲ. ಆದ್ದರಿಂದ ಉಜ್ಜುವುದು, ಪ್ರೈಮರ್, ಮಾಸ್ಕಿಂಗ್ ಎಲ್ಲ ಮನೆಯಲ್ಲಿ ಮಾಡಿದರೂ ಕೊನೆಯ ಬಣ್ಣವನ್ನು ಬೂತ್ ಇರುವ ಕಡೆ ಹೊಡೆಸಿ. ಆರ್.ಸಿ.ಯಲ್ಲಿರುವ ಬಣ್ಣವನ್ನೇ ಉಳಿಸಿಕೊಂಡರೆ ತಿದ್ದುಪಡಿಯ ತಾಪತ್ರಯವಿಲ್ಲ. ಮನೆಯವರ ನೆನಪಿನಲ್ಲಿರುವ ಕಾರಿನ ಬಣ್ಣವೂ ಅದೇ ತಾನೆ.

ಕ್ರೋಮ್ ಕೆಲಸವನ್ನು ಬಣ್ಣಕ್ಕಿಂತ ಮೊದಲೇ ಕೊಟ್ಟುಬಿಡಿ. ತಾಮ್ರ, ನಿಕಲ್, ಆಮೇಲೆ ಕ್ರೋಮ್ ಹೀಗೆ ಮೂರು ಪದರ ಕೂರಿಸುವವರನ್ನು ಪೀಣ್ಯದಲ್ಲಿ ವಿಚಾರಿಸಿ. ಮೇಲೊಂದು ತೆಳು ಹೊಳಪು ಕೊಟ್ಟ ಬಂಪರು ಮುಂದಿನ ಮಳೆಗಾಲಕ್ಕೇ ಚುಕ್ಕಿ ಬಿಡುತ್ತದೆ. ಗಾಜಿನ ಬೀಡಿಂಗ್ ಹೊಸದಾಗಿರಲಿ. ಬೀಡಿಂಗಿನ ಒಳತುಟಿಯಲ್ಲಿ ಗಟ್ಟಿ ದಾರ ಸುತ್ತಿ, ಗಾಜನ್ನು ಹೊರಗಿನಿಂದ ಒಬ್ಬರು ಒತ್ತಿ ಹಿಡಿದಿರುವಾಗ ಒಳಗಿನವರು ದಾರವನ್ನು ನಿಧಾನವಾಗಿ ಎಳೆದರೆ ರಬ್ಬರು ತಾನಾಗಿ ಚೌಕಟ್ಟಿನ ಮೇಲೆ ಮಗುಚಿ ಕೂರುತ್ತದೆ; ಸೋಪಿನ ನೀರು ಸವರಿದ್ದರೆ ಇನ್ನೂ ಸಲೀಸು. ಸೀಟಿನ ಸ್ಪ್ರಿಂಗುಗಳು ಗಟ್ಟಿಯಿದ್ದರೆ ರೆಕ್ಸಿನ್ ಮಾತ್ರ ಬದಲಿಸಿ. ಸ್ಟೇರಿಂಗಿನ ಸವೆತ, ಹಾರ್ನ್ ಬಟನ್ನಿನ ಮಾಸಲು, ಅಜ್ಜಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ ಪುಟ್ಟ ಗಣಪತಿ ಇವನ್ನೆಲ್ಲ ಹೊಸದು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ರಸ್ತೆಗೆ

ಮೊದಲ ಓಟಗಳು ಬಡಾವಣೆಯೊಳಗೇ ಇರಲಿ, ಸಂಖ್ಯೆ ಮತ್ತು ವಿಮೆ ಚಾಲ್ತಿಯಲ್ಲಿದ್ದ ಮೇಲೆಯೇ ಸಾರ್ವಜನಿಕ ರಸ್ತೆ. ಪ್ರತಿ ಸಲ ಮರಳಿದ ಮೇಲೆ ನಾಲ್ಕೂ ಚಕ್ರದ ಡ್ರಮ್ಮುಗಳ ಬಳಿ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಶೂ ಹಿಡಿದುಕೊಂಡಿದೆ. ಎಮಿಷನ್ ಟೆಸ್ಟಿನಲ್ಲಿ 2000ಕ್ಕೆ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ 3ರ ಮಿತಿಯಿದೆ. ನಮ್ಮ ಎತ್ತರದಲ್ಲಿ ಕಾರ್ಬ್ಯುರೇಟರ್ ತುಸು ಹೆಚ್ಚೇ ಪೆಟ್ರೋಲು ಬೆರೆಸುವುದರಿಂದ, ಎಂಜಿನ್ ಬಿಸಿಯಿರುವಾಗ ಐಡ್ಲಿಂಗಿನ ಮಿಕ್ಸ್ಚರ್ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಹದ ನೋಡಿಕೊಂಡು ಹೋದರೆ ಪಾಸಾಗುವುದು ಕಷ್ಟವಲ್ಲ. ಈ ಪ್ರಮಾಣಪತ್ರ, ವಿಮೆ, ಎಚ್.ಎಸ್.ಆರ್.ಪಿ. ಫಲಕ ಇವು ಆರ್.ಟಿ.ಒ. ತಪಾಸಣೆಗೆ ಬೇಕಾಗುತ್ತವೆ; ಹಾರ್ನು, ವೈಪರು, ಇಂಡಿಕೇಟರು, ಹ್ಯಾಂಡ್ ಬ್ರೇಕು ಎಲ್ಲವನ್ನೂ ಹಿಂದಿನ ದಿನವೇ ಒಮ್ಮೆ ನೋಡಿಕೊಳ್ಳಿ.

ನಂದಿ ಬೆಟ್ಟದ ಆಸೆ ಎಲ್ಲರಿಗೂ ಇರುತ್ತದೆ. ಏರುವುದು ದೊಡ್ಡ ಮಾತಲ್ಲ. ಇಳಿಯುವಾಗ ಡ್ರಮ್ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಎರಡನೇ ಗೇರಿನಲ್ಲಿಯೇ, ಎಂಜಿನ್ನಿನ ತಡೆಯಲ್ಲಿ ಇಳಿಯಬೇಕು. ಸುಮಾರು 500 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ, ಹೆಡ್ಡು ಬಿಚ್ಚಿದ್ದರೆ ಅದರ ನಟ್ಟುಗಳ ಬಿಗಿಯನ್ನೂ ವಾಲ್ವ್ ಅಂತರವನ್ನೂ ಕೈಪಿಡಿಯ ಪ್ರಕಾರ ಮತ್ತೆ ಹೊಂದಿಸಿ, ಹೊಸ ಲೈನಿಂಗ್ ಕೂತುಕೊಂಡಿರುವುದರಿಂದ ಬ್ರೇಕನ್ನು ಇನ್ನೊಮ್ಮೆ ಅಡ್ಜಸ್ಟ್ ಮಾಡಿ, ಸ್ಪ್ರಿಂಗಿನ ಯು-ಬೋಲ್ಟುಗಳನ್ನು ಬಿಗಿಯಿರಿ.